ಮುಖದ ಕಂದು ಚುಕ್ಕೆ ಮತ್ತು ಬಂಗು: ಕಾರಣ, ತಡೆ, ಚಿಕಿತ್ಸೆ

ಎಲೆಯ ಮೇಲೆ ಒಂದು ಕಂದು ಚುಕ್ಕೆ ಕಂಡರೆ ಅನುಭವಸ್ಥ ರೈತರು ಕೂಡಲೇ ಔಷಧಿ ಅಂಗಡಿಗೆ ಓಡುವುದಿಲ್ಲ. ಎಲೆಯನ್ನು ಕಿತ್ತು, ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ ನೋಡುತ್ತಾರೆ. ಬೆಂಕಿರೋಗವೋ, ಕಂದುಚುಕ್ಕೆ ರೋಗವೋ, ಸತುವಿನ ಕೊರತೆಯೋ ಎಂಬುದನ್ನು ಖಚಿತಪಡಿಸಿಕೊಂಡು ಅನಂತರ ಮುಂದಿನ ಕ್ರಮ ಕೈಗೊಳ್ಳುತ್ತಾರೆ. ಆದರೆ ತಮ್ಮ ಮುಖದ ಮೇಲೆಯೇ ಚುಕ್ಕೆ ಅಥವಾ ಕಪ್ಪು ಕಲೆ ಕಾಣಿಸಿಕೊಂಡಾಗ ಈ ಎಚ್ಚರಿಕೆ ಉಳಿಯುವುದಿಲ್ಲ. ನೆರೆಯವರು ಹೇಳಿದ್ದು, ಅಂಗಡಿಯವರು ಕೊಟ್ಟದ್ದು ಎಲ್ಲವೂ ಮುಖಕ್ಕೆ ಏರುತ್ತದೆ.

ಕೆಲವು ವರ್ಷಗಳ ಹಿಂದೆ ಭತ್ತದ ಕಳೆ ಹತೋಟಿ ಕುರಿತ ತರಬೇತಿ ಶಿಬಿರ ಮುಗಿದ ಮೇಲೆ ನಾಟಿ ಕೆಲಸ ಮಾಡುವ ತಾಯಿಯೊಬ್ಬರು ಹಿಂದೆ ನಿಂತು, ಎಲ್ಲರೂ ಹೋದ ಅನಂತರ ನನ್ನ ಬಳಿಗೆ ಬಂದರು. "ಸ್ವಾಮಿ, ಪೈರಿನ ಮೇಲಿನ ಚುಕ್ಕೆಗೆ ಮದ್ದು ಹೇಳ್ತೀರಿ. ಈ ಮೊಕದ ಮೇಲಿಂದಕ್ಕೆ ಏನು ಹಾಕ್ಲಿ?" ಎಂದು ಕೇಳಿದರು. ಅವರ ಕೆನ್ನೆಗಳ ಮೇಲೆ ಬಂಗು ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ಸುಟ್ಟಂತೆ ಕೆಂಪಾಗಿದ್ದ, ತೆಳುವಾದ ಚರ್ಮ ಮತ್ತು ಅದರೊಳಗೆ ಎಳೆಎಳೆಯಾಗಿ ಕಾಣುತ್ತಿದ್ದ ರಕ್ತನಾಳಗಳು. ಎಲೆಯಡಿಕೆ ಚೀಲದಿಂದ ಒಂದು ಮುಲಾಮಿನ ಟ್ಯೂಬ್ ತೆಗೆದು ತೋರಿಸಿದರು. ಎರಡು ವರ್ಷದಿಂದ ಹಚ್ಚುತ್ತಿದ್ದರಂತೆ. "ಮೊದಲ ತಿಂಗಳು ಬೆಳ್ಳಗಾಯ್ತು. ಈಗ ಬಿಟ್ಟರೆ ಉರಿ, ಹಚ್ಚಿಕೊಂಡರೆ ಬಿಸಿಲಿಗೆ ಹೋಗೋಕಾಗಲ್ಲ" ಎಂದರು.

ನಾನು ಬೇಸಾಯಶಾಸ್ತ್ರದವನೇ ಹೊರತು ವೈದ್ಯನಲ್ಲ. ಆ ದಿನ ಅವರಿಗೆ ಚರ್ಮರೋಗ ತಜ್ಞರನ್ನು ಕಾಣಲು ಹೇಳಿದೆ. ಅನಂತರ ಈ ವಿಷಯವನ್ನು ತಜ್ಞರಿಂದ ಕೇಳಿ, ಓದಿ ತಿಳಿದುಕೊಂಡೆ. ಬಿಸಿಲಿನಲ್ಲಿ ದುಡಿಯುವ ಪ್ರತಿ ಕುಟುಂಬಕ್ಕೂ ಇದು ಉಪಯೋಗವಾಗಬಹುದೆಂದು ಇಲ್ಲಿ ಬರೆದಿದ್ದೇನೆ.

ಚರ್ಮಕ್ಕೆ ಬಣ್ಣ ಬರುವ ಬಗೆ

ಬದನೆಕಾಯಿಯನ್ನು ಹೆಚ್ಚಿ ಹಾಗೆಯೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆಂದೇ ಹೆಣ್ಣುಮಕ್ಕಳು ಹೋಳುಗಳನ್ನು ನೀರಿಗೆ ಹಾಕುತ್ತಾರೆ. ಬದನೆಯೊಳಗಿನ ತಾಮ್ರಾಂಶವಿರುವ ಒಂದು ಕಿಣ್ವ ಗಾಳಿಯ ಆಮ್ಲಜನಕದೊಡನೆ ಸೇರಿ ಈ ಬಣ್ಣವನ್ನು ಉಂಟುಮಾಡುತ್ತದೆ. ಇದೇ ಬಳಗಕ್ಕೆ ಹತ್ತಿರವಾದ, ತಾಮ್ರಾಂಶವಿರುವ ಟೈರೊಸಿನೇಸ್ ಎಂಬ ಕಿಣ್ವ ನಮ್ಮ ಚರ್ಮದಲ್ಲಿಯೂ ಇದೆ. ಅದು ತಯಾರಿಸುವ ಬಣ್ಣದ ವಸ್ತುವಿಗೆ ಮೆಲನಿನ್ ಎಂದು ಹೆಸರು.

ಮೇಲ್ಚರ್ಮದ ತಳದ ಸಾಲಿನಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಅಲ್ಲಲ್ಲಿ ಕುಳಿತಿರುತ್ತವೆ. ಇಂಥ ಒಂದೊಂದು ಕೋಶವೂ ತನ್ನ ಸುತ್ತಲಿನ ಸುಮಾರು 36 ಸಾಮಾನ್ಯ ಕೋಶಗಳಿಗೆ ಮೆಲನಿನ್ ಕಣಗಳನ್ನು ಹಂಚುತ್ತದೆ. ಆ ಕಣಗಳು ಕೋಶದ ನಡುವಿನ ಬೀಜಕೇಂದ್ರದ ಮೇಲೆ ಕೊಡೆ ಹಿಡಿದಂತೆ ನಿಂತು ಬಿಸಿಲಿನ ಹಾನಿಯಿಂದ ಅದನ್ನು ಕಾಯುತ್ತವೆ. ಬೆಳ್ಳಗಿರುವವರಲ್ಲಿಯೂ ಕಪ್ಪಗಿರುವವರಲ್ಲಿಯೂ ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್‌ನ ಪ್ರಮಾಣ ಮತ್ತು ಬಗೆಯಲ್ಲಿ ಮಾತ್ರ ವ್ಯತ್ಯಾಸವಿದೆ. ಆದುದರಿಂದ ಕಪ್ಪು ಬಣ್ಣ ರೋಗವೂ ಅಲ್ಲ, ಕೊರತೆಯೂ ಅಲ್ಲ. ಅದು ಬಿಸಿಲಿಗೆ ದೇಹ ಮಾಡಿಕೊಂಡಿರುವ ಏರ್ಪಾಡು.

ಎಲ್ಲ ಚುಕ್ಕೆಯೂ ಒಂದೇ ಅಲ್ಲ

ಚಿಕಿತ್ಸೆಗೆ ಮೊದಲು ಗುರುತಿಸುವಿಕೆ ಮುಖ್ಯ. ಸಾಮಾನ್ಯವಾಗಿ ಕಂಡುಬರುವ ಬಗೆಗಳು ಹೀಗಿವೆ.

1. ಹುಟ್ಟುಗುಣದ ಕಂದು ಚುಕ್ಕೆಗಳು: ಇವನ್ನು ಫ್ರೆಕಲ್ಸ್ ಎನ್ನುತ್ತಾರೆ. ಎಳ್ಳುಕಾಳಿನಷ್ಟು, ಚಪ್ಪಟೆಯಾದ, ತಿಳಿಕಂದು ಚುಕ್ಕೆಗಳು ಮೂಗು, ಕೆನ್ನೆ, ತೋಳುಗಳ ಮೇಲೆ ಬಾಲ್ಯದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಬೆಳ್ಳಗಿನ ಚರ್ಮದವರಲ್ಲಿ ಇವು ಹೆಚ್ಚು. ಬೇಸಿಗೆಯಲ್ಲಿ ಕಪ್ಪಾಗಿ, ಬಿಸಿಲು ಕಡಿಮೆಯಾದ ಕಾಲದಲ್ಲಿ ಮಸುಕಾಗುವುದು ಇವುಗಳ ಮುಖ್ಯ ಗುರುತು. ಇಲ್ಲಿ ಬಣ್ಣದ ಕೋಶಗಳು ಹೆಚ್ಚಾಗಿರುವುದಿಲ್ಲ, ಇದ್ದ ಕೋಶಗಳೇ ಹೆಚ್ಚು ಬಣ್ಣ ತಯಾರಿಸುತ್ತವೆ. ಇದು ವಂಶದಲ್ಲಿ ಬರುವ ಗುಣ. 16ನೆಯ ವರ್ಣತಂತುವಿನಲ್ಲಿರುವ ಎಂ.ಸಿ.1ಆರ್. ಎಂಬ ವಂಶವಾಹಿಗೂ ಕೆಂಪುಕೂದಲು, ಬಿಳಿಚರ್ಮಗಳಿಗೂ ಇರುವ ಸಂಬಂಧ 1995ರಲ್ಲಿ ಪ್ರಕಟವಾಯಿತು. ಚುಕ್ಕೆಗಳಿಗೂ ಇದೇ ವಂಶವಾಹಿಯೊಡನೆ ನಂಟಿರುವುದು ಅನಂತರ ಕಂಡುಬಂದಿತು. ಇವುಗಳಿಂದ ಯಾವ ತೊಂದರೆಯೂ ಇಲ್ಲ.

2. ಬಿಸಿಲುಚುಕ್ಕೆಗಳು: ನಲವತ್ತು ದಾಟಿದವರ ಮುಖ ಮತ್ತು ಮುಂಗೈ ಮೇಲೆ ಬರುವ, ಸ್ವಲ್ಪ ದೊಡ್ಡದಾದ, ಅಂಚು ಸ್ಪಷ್ಟವಾಗಿರುವ ಚುಕ್ಕೆಗಳು. ವರ್ಷಗಟ್ಟಲೆ ಬಿದ್ದ ಬಿಸಿಲಿನ ಲೆಕ್ಕ ಇವು. ಇಲ್ಲಿ ಬಣ್ಣದ ಕೋಶಗಳೇ ಹೆಚ್ಚಾಗಿರುವುದರಿಂದ ಮಳೆಗಾಲ ಬಂದರೂ ಮಾಸುವುದಿಲ್ಲ.

3. ಬಂಗು: ನಮ್ಮಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ಇದೇ. ಎರಡೂ ಕೆನ್ನೆ, ಹಣೆ, ಮೂಗು, ಮೇಲ್ದುಟಿಯ ಮೇಲೆ ಸಮನಾಗಿ ಹರಡುವ ಕಂದು ಪಟ್ಟೆಗಳು. ಹೆಂಗಸರಲ್ಲಿ ಹೆಚ್ಚು, ಗಂಡಸರನ್ನೂ ಬಿಡುವುದಿಲ್ಲ. ಬಸಿರು, ಸಂತಾನನಿಯಂತ್ರಣ ಮಾತ್ರೆ, ಮನೆತನದ ಗುಣ ಮತ್ತು ಬಿಸಿಲು ಇದಕ್ಕೆ ಕಾರಣಗಳು. ಬಸುರಿಯಲ್ಲಿ ಬಂದ ಬಂಗು ಹೆರಿಗೆಯ ನಂತರ ಕೆಲವು ತಿಂಗಳಲ್ಲಿ ತಾನಾಗಿಯೇ ತಿಳಿಯಾಗಬಹುದು.

4. ಗಾಯದ ಕಲೆ: ಮೊಡವೆ, ಸುಟ್ಟಗಾಯ, ತುರಿಕೆ ಮಾಗಿದ ಮೇಲೆ ಉಳಿಯುವ ಕಪ್ಪು. ಪಾರ್ಥೇನಿಯಂ ಕಳೆಯ ಸೋಂಕಿನಿಂದ ಬರುವ ಚರ್ಮದ ಉರಿಯೂತ ಮಾಗಿದಾಗಲೂ ಹೀಗೆಯೇ ಆಗುತ್ತದೆ. ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ತುರಿಕೆ ಇದ್ದು, ಕಳೆ ಹೂಬಿಡುವ ಕಾಲದಲ್ಲಿ ಹೆಚ್ಚುತ್ತಿದ್ದರೆ ಈ ಕಳೆಯನ್ನು ಸಂಶಯಿಸಬೇಕು. ಅಲ್ಲಿ ಮುಖಕ್ಕೆ ಏನು ಹಚ್ಚಿದರೂ ಹೊಲದ ಬದುವಿನಲ್ಲಿರುವ ಕಳೆ ಹೋಗದೆ ಗುಣವಾಗುವುದಿಲ್ಲ. ಕೈಗವಸು ಹಾಕಿ, ಹೂಬಿಡುವ ಮೊದಲೇ ಬೇರುಸಹಿತ ಕೀಳುವುದು ಇದರ ಮೊದಲ ಚಿಕಿತ್ಸೆ.

ಇವಲ್ಲದೆ ಬೇರೆ ಕಾಯಿಲೆಗಳನ್ನೂ ಜನ ಚುಕ್ಕೆಯೆಂದು ತಿಳಿಯುವುದುಂಟು. ಎದೆ, ಬೆನ್ನಿನ ಮೇಲೆ ಹುಡಿ ಉದುರುವ ತಿಳಿಬಣ್ಣದ ಸಿಬ್ಬು ಶಿಲೀಂಧ್ರದಿಂದ ಬರುತ್ತದೆ. ಅದಕ್ಕೆ ಶಿಲೀಂಧ್ರನಾಶಕ ಮುಲಾಮು ಬೇಕು. ಕತ್ತಿನ ಹಿಂದೆ ಮಖಮಲ್ಲಿನಂತೆ ದಪ್ಪನಾದ ಕಪ್ಪು ಕಂಡರೆ ಅದು ಕೊಳೆಯಲ್ಲ, ಉಜ್ಜಿದರೆ ಹೋಗದು. ಸಕ್ಕರೆ ಕಾಯಿಲೆಯ ಮುನ್ಸೂಚನೆ ಇರಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸಬೇಕು. ಮುಟ್ಟಿದರೆ ಅರಿವಾಗದ ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆ ಅಗತ್ಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧಿ ಉಚಿತ, ಕಾಯಿಲೆ ಪೂರ್ಣ ಗುಣವಾಗುತ್ತದೆ.

ಬಿಸಿಲಿನ ಪಾತ್ರ

ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಇವು ಚರ್ಮದ ಮೇಲೆ ಬಿದ್ದಾಗ ಬಣ್ಣದ ಕೋಶಗಳು ಚುರುಕಾಗುತ್ತವೆ. ದಿನದ ಒಟ್ಟು ಅತಿನೇರಳೆ ಕಿರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬೆಳಗಿನ 10 ಗಂಟೆಯಿಂದ ಮಧ್ಯಾಹ್ನ 2 ಗಂಟೆಯೊಳಗೆ ಭೂಮಿಗೆ ತಲಪುತ್ತದೆ. ತೆಳುಮೋಡ ಇವನ್ನು ಹೆಚ್ಚೇನೂ ತಡೆಯುವುದಿಲ್ಲ. ಎತ್ತರ ಪ್ರತಿ 1000 ಮೀಟರಿಗೆ ಸುಮಾರು ಶೇಕಡಾ 10ರಷ್ಟು ತೀವ್ರತೆ ಹೆಚ್ಚುವುದರಿಂದ ಕೊಡಗು, ಚಿಕ್ಕಮಗಳೂರಿನ ತಂಪಿನಲ್ಲಿ ಕೆಲಸ ಮಾಡುವವರೂ ನಿಶ್ಚಿಂತರಾಗಿರುವಂತಿಲ್ಲ. ಸೆಖೆ ಕಡಿಮೆ ಎಂದರೆ ಕಿರಣ ಕಡಿಮೆ ಎಂದರ್ಥವಲ್ಲ.

ಇದನ್ನು ಅಳೆಯಲು ಯಂತ್ರ ಬೇಡ. ನಿಮ್ಮ ನೆರಳನ್ನು ನೋಡಿ. ನೆರಳು ನಿಮ್ಮ ಎತ್ತರಕ್ಕಿಂತ ಉದ್ದವಾಗಿದ್ದರೆ ಕಿರಣಗಳು ಸೌಮ್ಯ, ಎತ್ತರಕ್ಕಿಂತ ಗಿಡ್ಡವಾಗಿದ್ದರೆ ತೀವ್ರ.

ತಡೆಗಟ್ಟುವ ಕ್ರಮಗಳು

ಯಾವ ಚಿಕಿತ್ಸೆ ಕೈಗೊಂಡರೂ ಬಿಸಿಲು ತಡೆಯದಿದ್ದರೆ ಅದು ತೂತುಬಿದ್ದ ಕಪಿಲೆಯಲ್ಲಿ ನೀರೆತ್ತಿದಂತೆ. ಆದುದರಿಂದ ಈ ಕೆಳಗಿನ ಕ್ರಮಗಳು ಎಲ್ಲಕ್ಕಿಂತ ಮುಖ್ಯ ಮತ್ತು ಎಲ್ಲಕ್ಕಿಂತ ಅಗ್ಗ.

ಕೆಲಸದ ಹೊತ್ತನ್ನು ಹೊಂದಿಸಿಕೊಳ್ಳಿ. ಕಳೆ ಕೀಳುವುದು, ನಾಟಿ, ಸಿಂಪರಣೆ ಮುಂತಾದವನ್ನು ಆದಷ್ಟೂ ಬೆಳಿಗ್ಗೆ ಬೇಗ ಮತ್ತು ಸಂಜೆ ಇಟ್ಟುಕೊಳ್ಳಿ. ನಡುಹಗಲಿಗೆ ಬೀಜೋಪಚಾರ, ಹಗ್ಗ ಹೊಸೆಯುವುದು, ಉಪಕರಣಗಳ ದುರಸ್ತಿ ಮುಂತಾದ ನೆರಳಿನ ಕೆಲಸ ಇರಲಿ.

ತಲೆಗೆ ಅಗಲ ಅಂಚಿನ ಟೋಪಿ ಬೇಕು. ರುಮಾಲು ನೆತ್ತಿಯನ್ನು ಕಾಯುತ್ತದೆ, ಕೆನ್ನೆಯನ್ನಲ್ಲ. ಕರಾವಳಿಯ ಅಡಿಕೆಹಾಳೆಯ ಮುಟ್ಟಾಳೆಯೂ ಅಷ್ಟೇ. ಸುತ್ತಲೂ ಮೂರು ಅಂಗುಲ ಅಂಚಿರುವ ಹುಲ್ಲಿನ ಅಥವಾ ಬಟ್ಟೆಯ ಟೋಪಿ ಮುಖ, ಕಿವಿ, ಕತ್ತುಗಳಿಗೆ ನೆರಳು ಕೊಡುತ್ತದೆ. ಸೆರಗನ್ನು ಮುಖಕ್ಕೆ ಸುತ್ತಿಕೊಳ್ಳುವುದೂ ಒಳ್ಳೆಯದೇ. ಆದರೆ ಬಟ್ಟೆ ಒತ್ತಾಗಿ ನೇಯ್ದದ್ದಾಗಿರಬೇಕು. ಬೆಳಕಿಗೆ ಹಿಡಿದರೆ ಆಚೆಯದು ಕಾಣುವ ತೆಳುಬಟ್ಟೆಯಿಂದ ಹೆಚ್ಚು ಪ್ರಯೋಜನವಿಲ್ಲ.

ಬಿಸಿಲುತಡೆ ಮುಲಾಮು ಕೊಳ್ಳುವುದಾದರೆ ಡಬ್ಬಿಯ ಮೇಲೆ ಎಸ್.ಪಿ.ಎಫ್. 30 ಅಥವಾ ಅದಕ್ಕಿಂತ ಹೆಚ್ಚು ಎಂದಿರಲಿ. 15ರ ಮುಲಾಮು ಚರ್ಮ ಸುಡುವ ಕಿರಣಗಳ ಸುಮಾರು ಶೇಕಡಾ 93ನ್ನು, 30ರದು ಸುಮಾರು ಶೇಕಡಾ 97ನ್ನು ತಡೆಯುತ್ತದೆ. ಆದರೆ ಇದು ಸಾಕಷ್ಟು ಹಚ್ಚಿದಾಗ ಮಾತ್ರ. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ ಹಿಂಡಿದಷ್ಟು ಬೇಕು. ಬೆವರು ಸುರಿಯುವ ಕೆಲಸದಲ್ಲಿ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಹೆಚ್ಚಿಸುವುದರಿಂದ, ಕಬ್ಬಿಣದ ಆಕ್ಸೈಡ್ ಬೆರೆಸಿದ ಮೈಬಣ್ಣದ ಮುಲಾಮು ಹೆಚ್ಚು ಉಪಯುಕ್ತ. ಇಷ್ಟು ಖರ್ಚು ಎಲ್ಲರಿಗೂ ಸಾಧ್ಯವಿಲ್ಲ. ಟೋಪಿ, ಬಟ್ಟೆ ಮತ್ತು ನೆರಳಿಗೆ ಆ ಖರ್ಚಿಲ್ಲ.

ತಿಳಿಗೊಳಿಸುವ ಚಿಕಿತ್ಸೆಗಳು

ಚುಕ್ಕೆಯನ್ನು ಹಾಗೆಯೇ ಬಿಡುವುದೂ ಒಂದು ಆಯ್ಕೆ ಎಂಬುದನ್ನು ಮೊದಲು ನೆನಪಿಡಬೇಕು. ಹುಟ್ಟುಗುಣದ ಚುಕ್ಕೆಗಳಿಗೆ ಚಿಕಿತ್ಸೆಯ ಅಗತ್ಯವೇ ಇಲ್ಲ. ತಿಳಿಗೊಳಿಸಲೇಬೇಕೆಂದರೆ ಚರ್ಮರೋಗ ತಜ್ಞರ ಸಲಹೆಯಂತೆ ಈ ಔಷಧಿಗಳನ್ನು ಬಳಸಬಹುದು.

ಅಜೆಲೇಯಿಕ್ ಆಮ್ಲ: ಗೋಧಿ, ಬಾರ್ಲಿ ಕಾಳುಗಳಲ್ಲಿಯೂ ಇರುವ ವಸ್ತು. ಶೇಕಡಾ 20ರ ಮುಲಾಮಾಗಿ ದೊರೆಯುತ್ತದೆ. ಮೊದಲು ಸ್ವಲ್ಪ ಚುರುಗುಟ್ಟುತ್ತದೆ. ಬಸುರಿಯರಿಗೂ ವೈದ್ಯರು ಕೊಡುವ ಕೆಲವೇ ಔಷಧಿಗಳಲ್ಲಿ ಇದೊಂದು.

ಕೋಜಿಕ್ ಆಮ್ಲ, ಜೇಷ್ಠಮಧುವಿನ ಸಾರ, ಸಿ ಜೀವಸತ್ವ, ನಿಯಾಸಿನಮೈಡ್: ಇವು ಸೌಮ್ಯ. ಮೊದಲ ಮೂರು ಬಣ್ಣದ ತಯಾರಿಕೆಯನ್ನು ನಿಧಾನಿಸಿದರೆ, ನಿಯಾಸಿನಮೈಡ್ ಬಣ್ಣದ ಕಣಗಳ ಹಂಚಿಕೆಯನ್ನು ಕಡಿಮೆ ಮಾಡುತ್ತದೆ. ಪರಿಣಾಮ ನಿಧಾನ.

ಟ್ರೆಟಿನಾಯಿನ್: ಎ ಜೀವಸತ್ವದ ಬಳಗದ್ದು. ಹಳೆಯ ಚರ್ಮ ಬೇಗ ಉದುರುವಂತೆ ಮಾಡುತ್ತದೆ. ರಾತ್ರಿ ಮಾತ್ರ ಹಚ್ಚಬೇಕು. ಬಸುರಿಯರು ಬಳಸಬಾರದು.

ಹೈಡ್ರೋಕ್ವಿನೋನ್: ಟೈರೊಸಿನೇಸ್ ಕಿಣ್ವವನ್ನು ಬಲವಾಗಿ ತಡೆಯುತ್ತದೆ. ವೈದ್ಯರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಕೆಲವು ತಿಂಗಳು ಮಾತ್ರ ಬಳಸಿ ನಿಲ್ಲಿಸಬೇಕು. ಬಹುಕಾಲ ಹಚ್ಚಿದವರ ಮುಖ ನೀಲಿಗಪ್ಪಾಗಿ ಒರಟಾಗುವುದನ್ನು 1975ರಲ್ಲಿ ದಕ್ಷಿಣ ಆಫ್ರಿಕದ ವೈದ್ಯರು ವರದಿ ಮಾಡಿದರು. ಆ ಕಪ್ಪನ್ನು ತೆಗೆಯುವುದು ಬಹಳ ಕಷ್ಟ. ಆ ದೇಶ 1990ರಲ್ಲಿ ಸೌಂದರ್ಯ ಸಾಮಗ್ರಿಗಳಲ್ಲಿ ಇದನ್ನು ನಿಷೇಧಿಸಿತು.

ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆಗಳು: ಆಮ್ಲ ಲೇಪಿಸಿ ಮೇಲ್ಪದರ ಸುಲಿಯುವುದು, ಲೇಸರ್ ಕಿರಣ, ಮತ್ತು ಕೃತಕ ಗರ್ಭಧಾರಣೆಯ ವೀರ್ಯಕಡ್ಡಿಗಳನ್ನು ಇಡುವ ಅದೇ ದ್ರವ ಸಾರಜನಕದಿಂದ ಚುಕ್ಕೆಯನ್ನು ಹೆಪ್ಪುಗಟ್ಟಿಸುವುದು. ಬಿಳಿಯರ ಚರ್ಮಕ್ಕೆ ಒಗ್ಗುವ ಪ್ರಮಾಣ ನಮ್ಮ ಕಂದು ಚರ್ಮಕ್ಕೆ ಒಗ್ಗುವುದಿಲ್ಲ. ಸ್ವಲ್ಪ ಹೆಚ್ಚಾದರೂ ಚುಕ್ಕೆಯ ಜಾಗದಲ್ಲಿ ಇನ್ನೂ ಕಪ್ಪಾದ ಕಲೆಯೋ ಬಿಳಿ ಮಚ್ಚೆಯೋ ಉಳಿಯಬಹುದು. ಆದುದರಿಂದ ಇವನ್ನು ಅರ್ಹ ತಜ್ಞರಿಂದ ಮಾತ್ರ ಮಾಡಿಸಬೇಕು, ಬ್ಯೂಟಿ ಪಾರ್ಲರಿನಲ್ಲಿ ಅಲ್ಲ.

ತಳದ ಕೋಶ ಮೇಲೇರಿ ಉದುರಿಹೋಗಲು ನಾಲ್ಕು ವಾರ ಅಥವಾ ಹೆಚ್ಚು ಬೇಕು. ಹಾಗಾಗಿ ಯಾವ ಔಷಧಿಯ ಫಲವನ್ನಾದರೂ ಎರಡು ಮೂರು ತಿಂಗಳ ಮುಂಚೆ ಅಳೆಯಬಾರದು. ರಾಗಿ ಬಿತ್ತಿದ ವಾರಕ್ಕೆ ತೆನೆ ಹುಡುಕುವವರಿಲ್ಲ. ಒಂದು ವಾರದಲ್ಲಿ ಮುಖ ಬೆಳಗುತ್ತದೆ ಎಂದು ಸಾರುವ ಮುಲಾಮಿನೊಳಗೆ ಏನಿದೆ ಎಂದೇ ಅನುಮಾನಪಡಬೇಕು.

ದೂರವಿಡಬೇಕಾದವು

ಸ್ಟೀರಾಯ್ಡ್ ಮುಲಾಮುಗಳು: ಆ ತಾಯಿಯ ಚೀಲದಲ್ಲಿದ್ದದ್ದು ಇದೇ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಎಂಬ ಹೆಸರುಗಳು ಟ್ಯೂಬಿನ ಮೇಲೆ ಇರುತ್ತವೆ. ಹೆಚ್ಚು ಯೂರಿಯಾ ಕಂಡ ಭತ್ತ ಮೊದಲು ಕಡುಹಸಿರಾಗಿ, ಕೊನೆಗೆ ನೆಲಕ್ಕೆ ಒರಗುವಂತೆ, ಇವು ಮೊದಲು ಮುಖವನ್ನು ತಿಳಿಯಾಗಿಸಿ ಅನಂತರ ಕೆಡಿಸುತ್ತವೆ. ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತವೆ, ಹೆಂಗಸರ ಮುಖದಲ್ಲಿ ಕೂದಲು ಬೆಳೆಯುತ್ತದೆ, ಬಿಟ್ಟರೆ ಉರಿ ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಮಾಡಿತು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿರುವವರು ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗಬೇಕು. ಬಿಡುವ ಕ್ರಮವನ್ನು ಅವರು ಹೇಳುತ್ತಾರೆ.

ಪಾದರಸದ ಮುಲಾಮುಗಳು: ಪಾದರಸವೂ ಬಣ್ಣದ ತಯಾರಿಕೆಯನ್ನು ತಡೆಯುತ್ತದೆ. ಆದರೆ ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡ ಮತ್ತು ನರಗಳನ್ನು ಹಾಳುಮಾಡುತ್ತದೆ. ಹಿರಿಯ ರೈತರಿಗೆ ಪಾದರಸ ಬೆರೆತ ಬೀಜೋಪಚಾರದ ಪುಡಿಗಳ ನೆನಪಿರಬಹುದು. 1971-72ರಲ್ಲಿ ಇರಾಕ್ ದೇಶದಲ್ಲಿ ಅಂಥ ಔಷಧಿ ಹಾಕಿದ ಬಿತ್ತನೆ ಗೋಧಿಯನ್ನು ರೊಟ್ಟಿ ಮಾಡಿ ತಿಂದು 6,530 ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ 459 ಮಂದಿ ಸತ್ತರು. ನಮ್ಮ ದೇಶದಲ್ಲಿಯೂ ಮೆಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡನ್ನು 2018ರಲ್ಲಿ ನಿಷೇಧಿಸಲಾಯಿತು. ಬೀಜಕ್ಕೇ ಬೇಡವೆಂದು ಬಿಟ್ಟ ವಿಷವನ್ನು ಮುಖಕ್ಕೆ ಹಚ್ಚುವುದು ಸರಿಯೇ? ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡ ರೋಗದಿಂದ ಬಂದ 22 ಮಂದಿಯನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಇದ್ದದ್ದು ಅಪರೂಪದ ಒಂದೇ ಉಪಬಗೆ. ಆ 15 ಮಂದಿಯಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮ್ ಬಳಸಿದ್ದರು. ಬಳಕೆ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ತಯಾರಕರ ವಿಳಾಸ, ಘಟಕಗಳ ಪಟ್ಟಿ, ತಯಾರಿಕೆಯ ದಿನಾಂಕ ಇಲ್ಲದ ಡಬ್ಬಿಯನ್ನು ಯಾರು ಕೊಟ್ಟರೂ ಕೊಳ್ಳಬೇಡಿ. ಚೀಟಿಯಿಲ್ಲದ ಬೀಜದ ಚೀಲವನ್ನು ನೀವು ಕೊಳ್ಳುತ್ತೀರಾ?

ಮನೆಮದ್ದುಗಳು: ಕಡಲೆಹಿಟ್ಟು, ಮೊಸರು, ಅರಿಶಿನ ಸಾಮಾನ್ಯವಾಗಿ ಹಾನಿ ಮಾಡುವುದಿಲ್ಲ. ಮುಖ ಸ್ವಚ್ಛವಾಗುತ್ತದೆ, ಬಂಗು ಹೋಗುವುದಿಲ್ಲ. ನಿಂಬೆರಸದ ವಿಷಯ ಬೇರೆ. ಹೆಚ್ಚಿದ ಬದನೆ ಕಪ್ಪಾಗದಂತೆ ಹುಳಿ ತಡೆಯುವುದು ನಿಜ. ಆದರೆ ನಿಂಬೆಯ ಸಿಪ್ಪೆ ಮತ್ತು ರಸದಲ್ಲಿರುವ ಕೆಲವು ವಸ್ತುಗಳು ಬಿಸಿಲು ಬಿದ್ದಾಗ ಚರ್ಮವನ್ನು ಸುಟ್ಟು, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಸುತ್ತವೆ. ನಿಂಬೆ ಹಚ್ಚಿ ಹೊಲಕ್ಕೆ ಹೋಗುವುದು ಕೂಡದು. ಸುಣ್ಣ, ಅಡುಗೆ ಸೋಡಾ, ಗೋಡಂಬಿ ಸಿಪ್ಪೆಯ ಎಣ್ಣೆಗಳಿಂದ ಚುಕ್ಕೆ ಸುಡುವ ಪ್ರಯತ್ನವನ್ನು ಎಂದಿಗೂ ಮಾಡಬಾರದು.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಚುಕ್ಕೆ ಅಥವಾ ಮಚ್ಚೆ ಒಂದು ಬದಿ ಒಂದು ಬಗೆ, ಇನ್ನೊಂದು ಬದಿ ಇನ್ನೊಂದು ಬಗೆ ಇದ್ದರೆ, ಅಂಚು ಹರಿದಂತಿದ್ದರೆ, ಒಂದರಲ್ಲಿಯೇ ಎರಡು ಮೂರು ಬಣ್ಣಗಳಿದ್ದರೆ, 6 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ, ದಿನೇ ದಿನೇ ಬದಲಾಗುತ್ತಿದ್ದರೆ ಅಥವಾ ರಕ್ತ ಒಸರುತ್ತಿದ್ದರೆ ಚರ್ಮದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಮ್ಮ ಜನರಲ್ಲಿ ಇದು ವಿರಳವಾದರೂ, ಬಂದಾಗ ಅಂಗಾಲಿನಲ್ಲಿ ಮತ್ತು ಉಗುರಿನ ಅಡಿಯಲ್ಲಿ ಬರುವುದು ಹೆಚ್ಚು. ಬರಿಗಾಲಿನಲ್ಲಿ ದುಡಿಯುವವರು ಆಗಾಗ್ಗೆ ಅಂಗಾಲು ನೋಡಿಕೊಳ್ಳುವ ಅಭ್ಯಾಸ ಇಟ್ಟುಕೊಳ್ಳಬೇಕು.

ನೆನಪಿಡಬೇಕಾದ ಅಂಶಗಳು

1. ಮೊದಲು ಗುರುತಿಸಿ, ಅನಂತರ ಚಿಕಿತ್ಸೆ.
2. ಟೋಪಿ, ಒತ್ತುಬಟ್ಟೆ, ನೆರಳು ಇವು ಮೊದಲ ಔಷಧಿ.
3. ಚೀಟಿಯಿಲ್ಲದೆ ಮುಖಕ್ಕೆ ಸ್ಟೀರಾಯ್ಡ್ ಮುಲಾಮು ಬೇಡ.
4. ವಿಳಾಸವಿಲ್ಲದ ಬಿಳುಪಿನ ಕ್ರೀಮ್ ಬೇಡ.
5. ಫಲಕ್ಕೆ ಎರಡು ಮೂರು ತಿಂಗಳು ಕಾಯಿರಿ.
6. ಬದಲಾಗುವ ಮಚ್ಚೆಯನ್ನು ಅಲಕ್ಷಿಸಬೇಡಿ.

ಶಿಬಿರಕ್ಕೆ ಬಂದಿದ್ದ ಆ ತಾಯಿಯನ್ನು ಮರುವರ್ಷದ ಕ್ಷೇತ್ರೋತ್ಸವದಲ್ಲಿ ಮತ್ತೆ ಕಂಡೆ. ಉರಿ ನಿಲ್ಲಲು ಆರು ತಿಂಗಳೇ ಹಿಡಿಯಿತಂತೆ. ಬಂಗು ಪೂರ್ತಿ ಹೋಗಿರಲಿಲ್ಲ, ತಿಳಿಯಾಗಿತ್ತು ಅಷ್ಟೇ. ತಲೆಯ ಮೇಲೆ ಅಗಲವಾದ ಹುಲ್ಲಿನ ಟೋಪಿ ಇತ್ತು. ಅವರ ಹಿಂದೆ ನಿಂತಿದ್ದ ಮಗಳ ತಲೆಯ ಮೇಲೂ ಅಂಥದೇ ಒಂದು ಇತ್ತು.